ಆಗದ ನೆರೆಯವರ ನಡುವಿನ ಶಾಂತಿ ಒಡಂಬಡಿಕೆಗಳು: ಹೀಬ್ರೂ ಗ್ರಂಥಗಳಲ್ಲಿ ಅವು ನಿಂತದ್ದು ಯಾವುದರ ಬಲದಿಂದ?

ಪ್ರಶ್ನೆ: ಕೆರೆಯಂಗಳ, ಮುಳಬಾಗಿಲು

ಕೋಲಾರದಲ್ಲಿ ನಾವು ಕೆಲವರು ಸೇರಿ ಬೇರೆ ಬೇರೆ ಧರ್ಮಗಳ ಮೂಲಗ್ರಂಥಗಳನ್ನು ಓದಿ ಚರ್ಚಿಸುವ ಪರಿಪಾಠ ಇಟ್ಟುಕೊಂಡಿದ್ದೇವೆ. ಈಗ ಹೀಬ್ರೂ ಗ್ರಂಥಗಳ ಸರದಿ ಬಂದಿದೆ. ಅಂದರೆ ಯೆಹೂದ್ಯರ ತನಖ್, ಕ್ರೈಸ್ತರು ಹಳೆಯ ಒಡಂಬಡಿಕೆ ಎಂದು ಕರೆಯುವ ಭಾಗ. ಒಬ್ಬರಿಗೊಬ್ಬರು ಆಗದ ನೆರೆಯವರು ತಮ್ಮೊಳಗೆ ಮಾಡಿಕೊಂಡ ಶಾಂತಿ ಒಡಂಬಡಿಕೆಗಳ ಬಗ್ಗೆ ಮುಂದಿನ ಸಭೆಯಲ್ಲಿ ಮಾತನಾಡುವ ಹೊಣೆ ನನ್ನ ಮೇಲೆ ಬಿದ್ದಿದೆ.

ಆದಿಕಾಂಡದ 21ನೆಯ ಅಧ್ಯಾಯದಲ್ಲಿ ಗೆರಾರಿನ ಅರಸ ಅಬೀಮೆಲೆಕನೂ ಇಸ್ರಾಯೇಲ್ಯರ ಮೂಲಪುರುಷ ಅಬ್ರಹಾಮನೂ ಬೇರ್ಷೆಬದ ಬಾವಿಯ ವಿಷಯದಲ್ಲಿ ಪ್ರಮಾಣ ಮಾಡಿಕೊಳ್ಳುತ್ತಾರೆ. ಮಕ್ಕಳು ಮೊಮ್ಮಕ್ಕಳ ಕಾಲಕ್ಕೂ ಸಲ್ಲಬೇಕೆಂದು ಮಾಡಿಕೊಂಡ ಮಾತು ಅದು. ಆದರೆ 26ನೆಯ ಅಧ್ಯಾಯಕ್ಕೆ ಬರುವಷ್ಟರಲ್ಲಿ ಅಬ್ರಹಾಮನ ಕಾಲದ ಬಾವಿಗಳಿಗೆ ಅಬೀಮೆಲೆಕನ ಕಡೆಯ ಫಿಲಿಷ್ಟಿಯರು ಮಣ್ಣು ತುಂಬಿದ್ದಾರೆ. ಅವನ ಮಗ ಇಸಾಕ ಅದೇ ಹೆಸರಿನ ಅರಸನೊಡನೆ ಮತ್ತೊಮ್ಮೆ ಪ್ರಮಾಣ ಮಾಡಬೇಕಾಗುತ್ತದೆ. ಹಾಗಾದರೆ ಮೊದಲನೆಯ ಒಡಂಬಡಿಕೆಗೆ ಏನು ಬೆಲೆ ಉಳಿಯಿತು?

ಎರಡನೆಯ ತೊಡಕು ಇದಕ್ಕಿಂತ ದೊಡ್ಡದು. ಧರ್ಮೋಪದೇಶಕಾಂಡದ 7ನೆಯ ಅಧ್ಯಾಯವು ಕಾನಾನಿನ ಜನಾಂಗಗಳೊಡನೆ ಯಾವ ಒಡಂಬಡಿಕೆಯನ್ನೂ ಮಾಡಿಕೊಳ್ಳಬಾರದೆಂದು ಕಟ್ಟುನಿಟ್ಟಾಗಿ ಹೇಳುತ್ತದೆ. ಹೀಗಿದ್ದೂ ಇಸ್ರಾಯೇಲ್ಯರ ನಾಯಕ ಯೆಹೋಶುವನು ಕಾನಾನಿನವರೇ ಆದ ಗಿಬ್ಯೋನ್ ಪಟ್ಟಣದವರೊಡನೆ ಒಡಂಬಡಿಕೆ ಮಾಡಿಕೊಳ್ಳುತ್ತಾನೆ, ಅದು ಮೋಸದಿಂದ ಪಡೆದದ್ದೆಂದು ಗೊತ್ತಾದ ಮೇಲೂ ಮುರಿಯುವುದಿಲ್ಲ. ಆಜ್ಞೆಗಿಂತ ಆಣೆ ದೊಡ್ಡದೆಂದು ಗ್ರಂಥವೇ ಒಪ್ಪಿಕೊಂಡಂತಾಗುವುದಿಲ್ಲವೇ?

ಪಾಲಾರ್ ಮತ್ತು ಪಿನಾಕಿನಿಯ ಮಳೆಗಾಲದ ನೀರನ್ನೇ ನಂಬಿಕೊಂಡಿರುವ, ಸರಪಣಿಯಂತೆ ಒಂದರ ಕೆಳಗೊಂದು ಕೆರೆ ಕಟ್ಟಿಕೊಂಡಿರುವ ನಮ್ಮ ಕಡೆಯವರಿಗೆ ಬಾವಿಯ ಜಗಳವನ್ನು ಬಿಡಿಸಿ ಹೇಳಬೇಕಾಗಿಲ್ಲ. ಮೇಲಿನ ಊರಿನವರು ಕೋಡಿಯನ್ನು ಒಂದು ಮೊಳ ಎತ್ತರಿಸಿದರೆ ಕೆಳಗಿನ ಊರಿನಲ್ಲಿ ಆ ವರ್ಷ ನಾಟಿ ಇರುವುದಿಲ್ಲ. ಆದ್ದರಿಂದ ಸಭೆಯಲ್ಲಿ ಯಾರಾದರೂ ಎದ್ದು ನಿಂತು, ಈ ಒಪ್ಪಂದಗಳನ್ನು ಕಾಯುತ್ತಿದ್ದವರು ಯಾರು ಎಂದು ಕೇಳುವುದು ಖಂಡಿತ. ತಿಳಿದವರು ದಯವಿಟ್ಟು ವಿವರಿಸಿ.

ಉತ್ತರ: ಶಾಸನಪ್ರಿಯೆ, ತುಮಕೂರು

ನಿಮ್ಮ ಮೊದಲನೆಯ ಪ್ರಶ್ನೆಯಿಂದ ಆರಂಭಿಸುತ್ತೇನೆ. 21ನೆಯ ಅಧ್ಯಾಯದ ಮಾತುಕತೆಯ ಕ್ರಮವನ್ನು ಗಮನಿಸಿ. ಅಬೀಮೆಲೆಕನು ಸೇನಾಪತಿ ಫೀಕೋಲನನ್ನು ಜೊತೆಗಿಟ್ಟುಕೊಂಡೇ ಬರುತ್ತಾನೆ. ಸ್ನೇಹದ ಮಾತಿಗೆ ಸೇನಾಪತಿ ಏಕೆ ಬೇಕೆಂಬುದನ್ನು ಕಥೆ ಹೇಳುವುದಿಲ್ಲ, ಹೇಳಬೇಕಾಗಿಯೂ ಇಲ್ಲ. ಪ್ರಮಾಣ ಮಾಡು ಎನ್ನುತ್ತಾನೆ, ಅಬ್ರಹಾಮ ಮಾಡುತ್ತೇನೆ ಎನ್ನುತ್ತಾನೆ. ಮಾತು ಅಲ್ಲಿಗೆ ಮುಗಿಯಬಹುದಿತ್ತು. ಆದರೆ ಅಬ್ರಹಾಮನು, ನಿನ್ನ ಸೇವಕರು ನನ್ನ ಬಾವಿಯನ್ನು ಕಿತ್ತುಕೊಂಡಿದ್ದಾರೆ ಎಂಬ ದೂರನ್ನು ಆಗಲೇ ಎದುರಿಗಿಡುತ್ತಾನೆ. ಇದನ್ನು ಮಾಡಿದವರು ಯಾರೋ ನನಗೆ ತಿಳಿಯದು, ನೀನೂ ನನಗೆ ಹೇಳಲಿಲ್ಲ, ಈ ಹೊತ್ತಿನವರೆಗೆ ನಾನು ಕೇಳಿರಲೂ ಇಲ್ಲ ಎಂದು ಅರಸನು ಉತ್ತರಿಸುತ್ತಾನೆ. ಕಚೇರಿಗಳಿಗೆ ಅಲೆದವರೆಲ್ಲ ಈ ಉತ್ತರವನ್ನು ಎಲ್ಲೋ ಕೇಳಿದ್ದೇವೆ ಎಂದುಕೊಳ್ಳುತ್ತಾರೆ.

ಅನಂತರ ಅಬ್ರಹಾಮನು ಕುರಿದನಗಳನ್ನು ಕೊಡುತ್ತಾನೆ, ಅವಲ್ಲದೆ ಏಳು ಹೆಣ್ಣು ಕುರಿಮರಿಗಳನ್ನು ಬೇರೆಯಾಗಿ ನಿಲ್ಲಿಸುತ್ತಾನೆ. ಇವು ಏತಕ್ಕೆಂದು ಅರಸನು ಕೇಳಿದಾಗ, ಈ ಬಾವಿಯನ್ನು ತೋಡಿಸಿದವನು ನಾನೇ ಎಂಬುದಕ್ಕೆ ಇವನ್ನು ಸಾಕ್ಷಿಯಾಗಿ ನನ್ನ ಕೈಯಿಂದ ತೆಗೆದುಕೊಳ್ಳಬೇಕು ಎನ್ನುತ್ತಾನೆ. ಬಾವಿ ತೋಡಿದವನೇ ಕುರಿಯನ್ನೂ ಕೊಡುತ್ತಾನೆ. ತೆಗೆದುಕೊಂಡವನು ತೆಗೆದುಕೊಂಡದ್ದರಿಂದಲೇ ಹಕ್ಕನ್ನು ಒಪ್ಪಿಕೊಂಡವನಾಗುತ್ತಾನೆ. ಇದು ಹಕ್ಕುಪತ್ರವೇ ಹೊರತು ಉಡುಗೊರೆಯಲ್ಲ. ಆ ಒಣನೆಲದಲ್ಲಿ ಒಂದು ಬಾವಿಯ ಬೆಲೆ ಎಷ್ಟೆಂಬುದಕ್ಕೆ ತೆಲ್ ಬೇರ್ಷೆಬದ ಉತ್ಖನನದಲ್ಲಿ ಸಿಕ್ಕಿರುವ ಪ್ರಾಚೀನ ಬಾವಿಯನ್ನು ನೋಡಬೇಕು. ಅದು ಅಬ್ರಹಾಮನದೇ ಎಂದು ಹೇಳುವ ಹಾಗಿಲ್ಲ, ಆದರೆ ಅದರ ಆಳ ಸುಮಾರು 70 ಮೀಟರ್. ಮೋಟಾರು, ಬೋರ್‌ವೆಲ್ ಯಂತ್ರ ಏನೂ ಇಲ್ಲದ ಕಾಲದಲ್ಲಿ ಅಷ್ಟು ತೋಡಿದವನು ಅದನ್ನು ಸುಮ್ಮನೆ ಬಿಟ್ಟುಕೊಡುವುದು ಸಾಧ್ಯವಿರಲಿಲ್ಲ.

ಇಸಾಕನ ದಾರಿಯೇ ಬೇರೆ. ಗೆರಾರಿನ ಕಣಿವೆಯಲ್ಲಿ ಅವನ ಆಳುಗಳು ಬಾವಿ ತೋಡುತ್ತಾರೆ, ಅಲ್ಲಿನ ಕುರುಬರು ನೀರು ನಮ್ಮದು ಎನ್ನುತ್ತಾರೆ. ಅವನು ಆ ಬಾವಿಗೆ ಜಗಳದ ಹೆಸರನ್ನೇ ಇಟ್ಟು ಮುಂದೆ ಹೋಗುತ್ತಾನೆ. ಇನ್ನೊಂದನ್ನು ತೋಡಿದಾಗಲೂ ಹಾಗೆಯೇ ಆಗುತ್ತದೆ. ಮೂರನೆಯದಕ್ಕೆ ಯಾರೂ ತಕರಾರು ಮಾಡುವುದಿಲ್ಲ. ಕೊನೆಗೆ ಅಬೀಮೆಲೆಕನೇ ಬೇರ್ಷೆಬಕ್ಕೆ ಬರುತ್ತಾನೆ. ನನ್ನನ್ನು ದ್ವೇಷಿಸಿ ಕಳುಹಿಸಿಬಿಟ್ಟ ನೀವು ಈಗ ಏಕೆ ಬಂದಿರಿ ಎಂದು ಇಸಾಕ ನೇರವಾಗಿ ಕೇಳುತ್ತಾನೆ. ನಾವು ನಿನಗೆ ಒಳ್ಳೆಯದನ್ನಲ್ಲದೆ ಬೇರೇನೂ ಮಾಡಲಿಲ್ಲ, ಸಮಾಧಾನದಿಂದ ಕಳುಹಿಸಿಕೊಟ್ಟೆವು ಎಂದು ಅವರು ಹೇಳುತ್ತಾರೆ. ಮಣ್ಣು ತುಂಬಿದ ಬಾವಿಗಳ ಮಾತನ್ನು ಇಸಾಕ ಎತ್ತಲೇ ಇಲ್ಲ. ಊಟ ಹಾಕಿಸಿದನು, ಬೆಳಗ್ಗೆ ಬೇಗನೆ ಎದ್ದು ಪರಸ್ಪರ ಪ್ರಮಾಣ ಮಾಡಿದರು, ಅವರು ಹೊರಟುಹೋದರು. ತಂದೆ ದೂರು ಹೇಳಿ ಶಾಂತಿ ಮಾಡಿಕೊಂಡನು, ಮಗ ದೂರನ್ನು ನುಂಗಿ ಮಾಡಿಕೊಂಡನು. ಗ್ರಂಥವು ಇವೆರಡರಲ್ಲಿ ಇದೇ ಸರಿ ಎಂದು ತೀರ್ಪು ಕೊಡುವುದಿಲ್ಲ. ಆ ದಿನವೇ ಇಸಾಕನ ಆಳುಗಳು ಬಂದು, ನೀರು ಸಿಕ್ಕಿತು ಎಂದು ತಿಳಿಸಿದರೆಂದು ಮಾತ್ರ ಹೇಳುತ್ತದೆ.

ಆದ್ದರಿಂದ ಮೊದಲನೆಯ ಒಡಂಬಡಿಕೆಗೆ ಬೆಲೆ ಇರಲಿಲ್ಲ ಎನ್ನುವುದಕ್ಕಿಂತ, ಮಾಡಿಕೊಂಡವರು ಸತ್ತ ಮೇಲೆ ಅದನ್ನು ಮತ್ತೆ ಮಾಡಿಕೊಳ್ಳಬೇಕಾಗುತ್ತಿತ್ತು ಎನ್ನುವುದು ಸರಿಯೆಂದು ನನಗೆ ತೋರುತ್ತದೆ. ಪ್ರಾಚೀನ ಪಶ್ಚಿಮ ಏಷ್ಯಾದ ರಾಜಕೀಯದಲ್ಲಿಯೂ ಇದೇ ರೂಢಿ ಕಾಣುತ್ತದೆ; ಸಿಂಹಾಸನಕ್ಕೆ ಹೊಸಬರು ಬಂದಾಗ ಒಪ್ಪಂದಗಳನ್ನು ಹೊಸದಾಗಿ ಬರೆಸುತ್ತಿದ್ದರು.

ಕಾಯುತ್ತಿದ್ದವರು ಯಾರು ಎಂಬ ಪ್ರಶ್ನೆಗೆ 31ನೆಯ ಅಧ್ಯಾಯದ, ಇಸಾಕನ ಮಗ ಯಾಕೋಬ ಮತ್ತು ಅವನ ಮಾವ ಲಾಬಾನರ ಪ್ರಸಂಗವೇ ತಕ್ಕ ಉತ್ತರ. ಅಳಿಯ ಇಪ್ಪತ್ತು ವರ್ಷ ದುಡಿದು, ಹೇಳದೆ ಕೇಳದೆ ಹೆಂಡಿರು ಮಕ್ಕಳು ಮಂದೆಗಳೊಡನೆ ಹೊರಟಿದ್ದಾನೆ. ಮಾವ ಏಳು ದಿನ ಬೆನ್ನಟ್ಟಿ ಗಿಲ್ಯಾದ್ ಬೆಟ್ಟದಲ್ಲಿ ಹಿಡಿದಿದ್ದಾನೆ. ಒಬ್ಬನಿಗೂ ಇನ್ನೊಬ್ಬನ ಮೇಲೆ ನಂಬಿಕೆಯಿಲ್ಲ, ಆ ಅಪನಂಬಿಕೆಯನ್ನು ಅವರು ಮುಚ್ಚಿಡುವುದೂ ಇಲ್ಲ. ಒಂದು ಕಲ್ಲನ್ನು ಕಂಬವಾಗಿ ನಿಲ್ಲಿಸಿ, ಪಕ್ಕದಲ್ಲಿ ಕಲ್ಲಿನ ಕುಪ್ಪೆ ಹಾಕಿ, ಅದರ ಬಳಿಯಲ್ಲಿ ಊಟ ಮಾಡಿ, ಕೇಡು ಮಾಡುವುದಕ್ಕಾಗಿ ನಾನು ಇದನ್ನು ದಾಟಿ ನಿನ್ನ ಕಡೆಗೆ ಬರುವುದಿಲ್ಲ, ನೀನೂ ನನ್ನ ಕಡೆಗೆ ಬರಕೂಡದು ಎನ್ನುತ್ತಾರೆ. ಅಬ್ರಹಾಮನ ದೇವರೂ ನಾಹೋರನ ದೇವರೂ ನಮ್ಮ ನಡುವೆ ನ್ಯಾಯ ತೀರಿಸಲಿ ಎಂದು ಲಾಬಾನ ಎರಡೂ ಮನೆತನದ ದೇವರನ್ನು ಕರೆಯುತ್ತಾನೆ. ಯಾಕೋಬ ತನ್ನ ತಂದೆ ಇಸಾಕನು ಭಯಪಡುತ್ತಿದ್ದ ದೇವರ ಮೇಲೆ ಆಣೆಯಿಡುತ್ತಾನೆ. ಹಿತ್ತಿಯರ ಅರಸ ಮೂರನೆಯ ಹತ್ತುಶಿಲಿಯೂ ಈಜಿಪ್ಟಿನ ಎರಡನೆಯ ರಾಮ್ಸೆಸನೂ ಕ್ರಿಸ್ತಪೂರ್ವ 1259ರ ಸುಮಾರಿಗೆ ಮಾಡಿಕೊಂಡ ಪ್ರಸಿದ್ಧ ಒಪ್ಪಂದದಲ್ಲಿಯೂ ಎರಡು ನಾಡಿನ ದೇವರುಗಳೂ ಸಾಕ್ಷಿಗಳು, ಮುರಿದವನಿಗೆ ಶಾಪ, ಪಾಲಿಸಿದವನಿಗೆ ಹರಕೆ.

ನಮ್ಮ ಕಡೆಯ ಶಾಸನಗಳನ್ನು ನೋಡಿದವರಿಗೆ ಇದು ಹೊಸದಲ್ಲ. ಕಲ್ಲಿನ ನೆತ್ತಿಯಲ್ಲಿ ಸೂರ್ಯಚಂದ್ರರನ್ನು ಕೆತ್ತಿ, ಕೊನೆಯಲ್ಲಿ ಕೊಟ್ಟ ಭೂಮಿಯನ್ನು ಅಪಹರಿಸಿದವನು ಅರವತ್ತು ಸಾವಿರ ವರ್ಷ ಅಮೇಧ್ಯದ ಹುಳುವಾಗಿ ಹುಟ್ಟುವನೆಂಬ ಶ್ಲೋಕ ಬರೆಸಿರುವುದು ಸಾಮಾನ್ಯ. ಆದರೆ ಒಂದು ವ್ಯತ್ಯಾಸವಿದೆ. 1368ರ ಶ್ರವಣಬೆಳಗೊಳದ ಶಾಸನದಲ್ಲಿ ಜೈನರ ಕೈಯನ್ನು ವೈಷ್ಣವರ ಕೈಯಲ್ಲಿಟ್ಟು ಸಂಧಿ ಮಾಡಿಸುವುದಕ್ಕೆ ಬುಕ್ಕರಾಯನಿದ್ದನು. ಯಾಕೋಬ ಲಾಬಾನರಿಗೆ ಮೇಲೆ ಅಂಥ ಅರಸನಿಲ್ಲ, ಪಂಚಾಯಿತಿಯೂ ಇಲ್ಲ. ಅದಕ್ಕಾಗಿಯೇ ಅವರ ಷರತ್ತುಗಳು ಅಷ್ಟು ಕಡಿಮೆ. ಪ್ರೀತಿಯಿಂದ ಇರುತ್ತೇವೆಂದು ಯಾರೂ ಹೇಳುವುದಿಲ್ಲ. ಗುರುತು ಎಲ್ಲಿ, ಸಾಕ್ಷಿ ಯಾರು, ದಾಟಬಾರದ್ದು ಏನು ಎಂಬಷ್ಟನ್ನು ಮಾತ್ರ ಗಟ್ಟಿ ಮಾಡಿಕೊಳ್ಳುತ್ತಾರೆ. ಈ ಒಡಂಬಡಿಕೆಗಳ ಗಟ್ಟಿತನ ಇರುವುದು ಈ ಮಿತಿಯಲ್ಲಿಯೇ ಎಂದು ನನ್ನ ಅಭಿಪ್ರಾಯ.

ಉತ್ತರ: ಗಣಿಯೂರು, ಕೆಜಿಎಫ್

ಗಿಬ್ಯೋನಿನ ವಿಷಯವನ್ನು ನಮ್ಮ ಸಭೆಯ ಭಾನುವಾರದ ತರಗತಿಯಲ್ಲಿ ಹಲವು ಸಲ ಕಲಿಸಿರುವುದರಿಂದ ನಿಮ್ಮ ಎರಡನೆಯ ಪ್ರಶ್ನೆಗೆ ನಾನು ಉತ್ತರಿಸುತ್ತೇನೆ.

ಧರ್ಮೋಪದೇಶಕಾಂಡದ 20ನೆಯ ಅಧ್ಯಾಯವನ್ನೂ ಜೊತೆಗಿಟ್ಟುಕೊಂಡು ಓದಬೇಕು. ದೂರದ ಪಟ್ಟಣಗಳಿಗೆ ಮೊದಲು ಶಾಂತಿಯನ್ನು ಸಾರಬೇಕು, ಹತ್ತಿರದ ಕಾನಾನಿನ ಪಟ್ಟಣಗಳಿಗೆ ಆ ಅವಕಾಶವಿಲ್ಲ ಎಂದು ಅಲ್ಲಿ ಭೇದ ಮಾಡಿದೆ. ಗಿಬ್ಯೋನಿನವರು ಈ ಭೇದವನ್ನು ಇಸ್ರಾಯೇಲ್ಯರಿಗಿಂತ ಚೆನ್ನಾಗಿ ತಿಳಿದವರಂತೆ ನಡೆದುಕೊಳ್ಳುತ್ತಾರೆ. ಹರಿದು ಹೊಲಿದ ದ್ರಾಕ್ಷಾರಸದ ಬುದ್ದಲಿಗಳು, ತೇಪೆ ಹಾಕಿದ ಕೆರಗಳು, ಒಣಗಿ ಪುಡಿಯಾದ ರೊಟ್ಟಿ, ಇವನ್ನೆಲ್ಲ ತೋರಿಸಿ, ಮನೆಯಿಂದ ಹೊರಟಾಗ ಈ ರೊಟ್ಟಿ ಬಿಸಿಯಾಗಿತ್ತು, ನಾವು ಬಹು ದೂರದವರು ಎನ್ನುತ್ತಾರೆ. ಹಿರಿಯರು ಆ ಬುತ್ತಿಯನ್ನು ಪರೀಕ್ಷಿಸಿ ನೋಡಿದರೇ ಹೊರತು ಯೆಹೋವನನ್ನು ವಿಚಾರಿಸಲಿಲ್ಲ ಎಂದು ಯೆಹೋಶುವನ ಗ್ರಂಥದ 9ನೆಯ ಅಧ್ಯಾಯ ಬರೆಯುತ್ತದೆ. ಮೂರು ದಿನಗಳಾದ ಮೇಲೆ ಅವರು ಪಕ್ಕದೂರಿನವರೇ ಎಂದು ಗೊತ್ತಾಗುತ್ತದೆ. ಜನರು ಗುಣುಗುಟ್ಟಿದರೂ ನಾಯಕರು, ದೇವರ ಹೆಸರೆತ್ತಿ ಆಣೆಯಿಟ್ಟಾಗಿದೆ, ಅವರನ್ನು ಮುಟ್ಟುವ ಹಾಗಿಲ್ಲ ಎಂದುಬಿಡುತ್ತಾರೆ. ಕಟ್ಟಿಗೆ ಒಡೆಯುವ, ನೀರು ಹೊರುವ ಊಳಿಗಕ್ಕೆ ಅವರನ್ನು ನೇಮಿಸುತ್ತಾರೆ. ಇದನ್ನು ಸಮಾನರ ಶಾಂತಿಯೆಂದು ಕರೆಯುವುದು ಕಷ್ಟ. ಆದರೆ ಜೀವ ಉಳಿಯಿತು. ಮುಂದಿನ ಅಧ್ಯಾಯದಲ್ಲಿ ಐದು ಮಂದಿ ಅರಸರು ಗಿಬ್ಯೋನನ್ನು ಮುತ್ತಿದಾಗ ಯೆಹೋಶುವನು ಗಿಲ್ಗಾಲಿನಿಂದ ರಾತ್ರಿಯೆಲ್ಲ ನಡೆದು ಅವರ ನೆರವಿಗೆ ಬರುತ್ತಾನೆ. ಮೋಸದಿಂದ ಪಡೆದ ಒಡಂಬಡಿಕೆಗಾಗಿ ಸೈನ್ಯ ನಡೆಸಿದ ಉದಾಹರಣೆ ಇದು.

ಈ ಕಥೆಯ ಮುಂದಿನ ಭಾಗ 2 ಸಮುವೇಲನ 21ನೆಯ ಅಧ್ಯಾಯದಲ್ಲಿದೆ, ಅದನ್ನು ಬಿಟ್ಟರೆ ಚರ್ಚೆ ಅರ್ಧವಾಗುತ್ತದೆ. ಎಷ್ಟೋ ತಲೆಮಾರುಗಳ ಮೇಲೆ ಇಸ್ರಾಯೇಲಿನ ಮೊದಲ ಅರಸ ಸೌಲನು ತನ್ನ ಜನರ ಮೇಲಿನ ಅಭಿಮಾನದಿಂದ ಗಿಬ್ಯೋನಿನವರನ್ನು ಕೊಲ್ಲಿಸಿದ್ದನು. ಅವನ ನಂತರದ ಅರಸ ದಾವೀದನ ಕಾಲದಲ್ಲಿ ಮೂರು ವರ್ಷ ಎಡೆಬಿಡದೆ ಬರ ಬಂದಾಗ ಆ ಆಣೆ ಮುರಿದದ್ದೇ ಕಾರಣವೆಂದು ತಿಳಿದುಬರುತ್ತದೆ. ಗಿಬ್ಯೋನಿನವರು ಬೆಳ್ಳಿಬಂಗಾರ ಬೇಡವೆಂದು ಸೌಲನ ಸಂತತಿಯ ಏಳು ಮಂದಿಯನ್ನು ಕೇಳಿ ಪಡೆದು ಕೊಲ್ಲುತ್ತಾರೆ. ಸತ್ತವರಲ್ಲಿ ಇಬ್ಬರ ತಾಯಿಯಾದ ರಿಚ್ಪ ಬಂಡೆಯ ಮೇಲೆ ಗೋಣಿತಟ್ಟು ಹಾಸಿಕೊಂಡು, ಸುಗ್ಗಿಯ ಆರಂಭದಿಂದ ಮಳೆ ಬೀಳುವವರೆಗೆ, ಹಗಲಿನಲ್ಲಿ ಹಕ್ಕಿಗಳನ್ನೂ ರಾತ್ರಿಯಲ್ಲಿ ಕಾಡುಮೃಗಗಳನ್ನೂ ಆ ಹೆಣಗಳ ಹತ್ತಿರ ಸುಳಿಯಗೊಡದೆ ಕಾಯುತ್ತಾಳೆ. ಅದನ್ನು ಕೇಳಿದ ದಾವೀದನು ಸೌಲ ಮತ್ತು ಅವನ ಮಗ ಯೋನಾತಾನರ ಎಲುಬುಗಳನ್ನು ತರಿಸಿ, ಕೊಲ್ಲಲ್ಪಟ್ಟವರ ಎಲುಬುಗಳನ್ನೂ ಕೂಡಿಸಿ, ಸೌಲ ಯೋನಾತಾನರ ಎಲುಬುಗಳನ್ನು ಅವರ ಮನೆತನದ ಗವಿಯಲ್ಲಿ ಸಮಾಧಿ ಮಾಡಿಸುತ್ತಾನೆ. ದೇಶಕ್ಕಾಗಿ ಮಾಡಿದ ಬಿನ್ನಹವನ್ನು ದೇವರು ಲಾಲಿಸಿದ್ದು ಇದಾದ ಮೇಲೆ ಎಂದು ಗ್ರಂಥ ಹೇಳುತ್ತದೆ. ಏಳು ಮಂದಿಯನ್ನು ಕೊಂದ ಕೂಡಲೇ ಎಂದು ಹೇಳುವುದಿಲ್ಲ. ಅವಸರದಲ್ಲಿ ಓದುವವರು ಈ ಅನುಕ್ರಮವನ್ನು ತಪ್ಪಿಸಿಕೊಳ್ಳುತ್ತಾರೆ.

ಅದೇ ಅಧ್ಯಾಯದಲ್ಲಿ ಇನ್ನೊಂದು ಆಣೆಯೂ ಕೆಲಸ ಮಾಡುತ್ತದೆ. ದಾವೀದನು ಯೋನಾತಾನನಿಗೆ ಕೊಟ್ಟ ಮಾತಿಗಾಗಿ ಅವನ ಮಗ ಮೆಫೀಬೋಶೆತನನ್ನು ಆ ಏಳು ಮಂದಿಯಲ್ಲಿ ಸೇರಿಸುವುದಿಲ್ಲ. ಒಂದು ಆಣೆ ಮುರಿದದ್ದರಿಂದ ಏಳು ಜೀವ ಹೋಯಿತು, ಇನ್ನೊಂದನ್ನು ಪಾಲಿಸಿದ್ದರಿಂದ ಒಂದು ಜೀವ ಉಳಿಯಿತು. ಆಜ್ಞೆ ದೊಡ್ಡದೋ ಆಣೆ ದೊಡ್ಡದೋ ಎಂದು ಕೇಳಿದಿರಿ. ಆಣೆಯಲ್ಲಿ ದೇವರ ಹೆಸರು ಸೇರಿಕೊಂಡಿರುವುದರಿಂದ ಅದನ್ನು ಮುರಿಯುವುದೂ ಆಜ್ಞೆ ಮುರಿದಂತೆಯೇ ಎಂದು ನಾಯಕರು ತಿಳಿದಿದ್ದರು. ನಷ್ಟವಾದರೂ ಪ್ರಮಾಣ ತಪ್ಪದವನನ್ನು 15ನೆಯ ಕೀರ್ತನೆಯೂ ಹೊಗಳುತ್ತದೆ.

ಉತ್ತರ: ನಂದಿಬುಡ, ಚಿಕ್ಕಬಳ್ಳಾಪುರ

ಮೇಲಿನ ಎರಡೂ ಉತ್ತರಗಳನ್ನು ಒಪ್ಪುತ್ತಲೇ ಒಂದು ಆಕ್ಷೇಪವನ್ನು ಮುಂದಿಡುತ್ತೇನೆ. ಕುರುಬರು ಮತ್ತು ಮನೆತನಗಳ ಒಡಂಬಡಿಕೆಗಳನ್ನಷ್ಟೇ ನೋಡಿದರೆ ಚಿತ್ರ ತೀರ ಅಂದವಾಗಿ ಕಾಣುತ್ತದೆ. ಅರಸರ ಒಡಂಬಡಿಕೆಗಳಲ್ಲಿ ಶಾಂತಿಯ ಬೆಲೆಯನ್ನು ತೆತ್ತವರು ಬೇರೆಯವರು.

ದಾವೀದನ ಮಗನಾದ ಅರಸ ಸೊಲೊಮೋನನಿಗೂ ತೂರಿನ ಅರಸ ಹೀರಾಮನಿಗೂ ಸಮಾಧಾನವಿತ್ತು, ಇಬ್ಬರೂ ಒಡಂಬಡಿಕೆ ಮಾಡಿಕೊಂಡರು ಎಂದು 1 ಅರಸುಗಳ 5ನೆಯ ಅಧ್ಯಾಯ ಹೇಳುತ್ತದೆ. ದೇವದಾರು ಮರಕ್ಕೆ ಬದಲಾಗಿ ಹೀರಾಮನ ಮನೆಗೆ ವರ್ಷಕ್ಕೆ 20,000 ಕೋರ್ (ಧಾನ್ಯದ ಒಂದು ಅಳತೆ) ಗೋಧಿ ಹೋಗಬೇಕು. ಒಡಂಬಡಿಕೆಯ ಮರುವಚನದಲ್ಲೇ ಇಸ್ರಾಯೇಲ್ಯರಿಂದ 30,000 ಮಂದಿಯನ್ನು ಬಿಟ್ಟಿಗೆ ಹಿಡಿದು ತಿಂಗಳಿಗೆ ಹತ್ತು ಸಾವಿರದಂತೆ ಲೆಬನೋನಿಗೆ ಕಳುಹಿಸಿದ ಲೆಕ್ಕವಿದೆ. ಕೊನೆಗೆ ಗಲಿಲಾಯದ 20 ಊರುಗಳನ್ನೇ ಸೊಲೊಮೋನನು ಹೀರಾಮನಿಗೆ ಕೊಟ್ಟನು. ಹೀರಾಮ ಬಂದು ನೋಡಿ, ಸಹೋದರನೇ, ನೀನು ನನಗೆ ಕೊಟ್ಟಿರುವ ಊರುಗಳು ಎಂಥವು ಎಂದು ಮುಖ ಸಿಂಡರಿಸಿದನು. ಆ ಊರುಗಳಲ್ಲಿದ್ದವರನ್ನು ಕೇಳಿದವರು ಯಾರು? ಮುಂದೆ ಪ್ರವಾದಿ ಆಮೋಸನು, ತೂರಿನವರು ಸಹೋದರರ ಒಡಂಬಡಿಕೆಯನ್ನು ನೆನಸದೆ ಸೆರೆಯವರನ್ನು ಗುಂಪುಗುಂಪಾಗಿ ಎದೋಮಿಗೆ ಒಪ್ಪಿಸಿದರೆಂದು ದೂರುತ್ತಾನೆ.

ಇಸ್ರಾಯೇಲಿನ ಅರಸ ಅಹಾಬನ ಪ್ರಸಂಗ ಇನ್ನೂ ಕುತೂಹಲದ್ದು. ಅಫೇಕಿನಲ್ಲಿ ಸೋತು ಒಳಕೋಣೆಯಲ್ಲಿ ಅವಿತುಕೊಂಡ ಅರಾಮಿನ, ಅಂದರೆ ದಮಸ್ಕದ, ಅರಸ ಬೆನ್ಹದದನ ಸೇವಕರು ಸೊಂಟಕ್ಕೆ ಗೋಣಿತಟ್ಟು, ತಲೆಗೆ ಹಗ್ಗ ಕಟ್ಟಿಕೊಂಡು ಬರುತ್ತಾರೆ. ಅವನಿನ್ನೂ ಬದುಕಿದ್ದಾನೆಯೇ, ಅವನು ನನ್ನ ಸಹೋದರನು ಎಂದು ಅಹಾಬ ಹೇಳಿದ್ದೇ ತಡ, ಅವರು ಆ ಮಾತನ್ನು ಹಿಡಿದುಕೊಳ್ಳುತ್ತಾರೆ. ಕಸಿದುಕೊಂಡ ಪಟ್ಟಣಗಳು ಹಿಂದಕ್ಕೆ ಬರಬೇಕು, ದಮಸ್ಕದಲ್ಲಿ ಇಸ್ರಾಯೇಲಿನ ಪೇಟೆಬೀದಿಗಳಿರಬೇಕು ಎಂಬುದು ಒಪ್ಪಂದ. ಅಂದರೆ ವ್ಯಾಪಾರದ ಶಾಂತಿ. ಇಂದಿನ ಓದುಗನಿಗೆ ಇದು ವಿವೇಕದ ಕೆಲಸವಾಗಿ ಕಾಣುತ್ತದೆ, ಆದರೆ ಪ್ರವಾದಿಯೊಬ್ಬನು ಬಂದು ಅಹಾಬನನ್ನು ಕಟುವಾಗಿ ಖಂಡಿಸುತ್ತಾನೆ. ಗ್ರಂಥದ ಹೊರಗಿನ ಸಾಕ್ಷ್ಯವನ್ನೂ ಇಲ್ಲಿ ನೋಡಬೇಕು. ಕ್ರಿಸ್ತಪೂರ್ವ 853ರ ಕರ್ಕರ್ ಯುದ್ಧದಲ್ಲಿ ಅಶ್ಶೂರದ ಅರಸ ಮೂರನೆಯ ಶಲ್ಮನೆಸೆರನ ವಿರುದ್ಧ ದಮಸ್ಕದ ಅರಸನೂ ಅಹಾಬನೂ ಒಂದೇ ಪಕ್ಷದಲ್ಲಿ ನಿಂತಿದ್ದರೆಂದು ಕುರ್ಖ್ ಶಿಲಾಶಾಸನ ಹೇಳುತ್ತದೆ; ಅಹಾಬನ ಲೆಕ್ಕಕ್ಕೆ 2,000 ರಥ, 10,000 ಕಾಲಾಳುಗಳನ್ನು ಬರೆದಿದೆ. ದೊಡ್ಡ ಶತ್ರು ಬಾಗಿಲಿಗೆ ಬಂದಾಗ ಚಿಕ್ಕ ಶತ್ರುಗಳು ಕೂಡಿಕೊಂಡರು ಎಂದೇ ಹಲವು ವಿದ್ವಾಂಸರು ಇದನ್ನು ಓದುತ್ತಾರೆ. ಅರಾಮಿಗೂ ಇಸ್ರಾಯೇಲಿಗೂ ಮೂರು ವರ್ಷ ಯುದ್ಧವಿರಲಿಲ್ಲ ಎಂದು 1 ಅರಸುಗಳ 22ನೆಯ ಅಧ್ಯಾಯ ಆರಂಭವಾಗುತ್ತದೆ. ಅನಂತರ ರಾಮೋತ್ ಗಿಲ್ಯಾದಿಗಾಗಿ ಮತ್ತೆ ಯುದ್ಧ, ಅಲ್ಲಿಯೇ ಅಹಾಬನ ಸಾವು.

ಅಸಮಾನರ ಒಪ್ಪಂದ ಹೇಗಿರುತ್ತದೆಂಬುದಕ್ಕೆ ನಮ್ಮ ಜಿಲ್ಲೆಗಳವರು ದೂರ ಹೋಗಬೇಕಾಗಿಲ್ಲ. 1892ರ ಮೈಸೂರು ಮದ್ರಾಸು ಒಪ್ಪಂದದ ಪ್ರಕಾರ ಪಾಲಾರ್, ದಕ್ಷಿಣ ಪಿನಾಕಿನಿ ಮೊದಲಾದ ನದಿಗಳ ಮೇಲೆ ಮದ್ರಾಸು ಸರ್ಕಾರಕ್ಕೆ ತಿಳಿಸಿ ಒಪ್ಪಿಗೆ ಪಡೆಯದೆ ಮೈಸೂರು ಹೊಸ ನೀರಾವರಿ ಕಾಮಗಾರಿ ಮಾಡುವಂತಿರಲಿಲ್ಲ. ಎರಡೂ ಕಡೆಯವರು ರುಜು ಹಾಕಿದ್ದು ನಿಜ. ಆದರೆ ಒಬ್ಬರ ಹಿಂದೆ ಬ್ರಿಟಿಷ್ ಸಾಮ್ರಾಜ್ಯವಿತ್ತು. ಅಬೀಮೆಲೆಕನ ಜೊತೆಗೆ ಬಂದ ಫೀಕೋಲನನ್ನು ಶಾಸನಪ್ರಿಯೆಯವರು ಅಷ್ಟು ಬೇಗ ದಾಟಿಹೋಗಬಾರದಿತ್ತು.

ಕೆರೆಯಂಗಳ, ಮುಳಬಾಗಿಲು

ಮೂವರಿಗೂ ಧನ್ಯವಾದಗಳು. ಒಂದು ಸಂದೇಹ ಉಳಿದಿದೆ. ಇಸಾಕನ ಹಾಗೆ ದೂರನ್ನು ನುಂಗಿಕೊಂಡರೆ ಬಲಿಷ್ಠನಿಗೆ ಇನ್ನೊಮ್ಮೆ ಬಾವಿ ಮುಚ್ಚುವ ಧೈರ್ಯ ಬರುವುದಿಲ್ಲವೇ? ಸಭೆಯಲ್ಲಿ ಕೆಳಗಿನ ಊರಿನವರು ಇದನ್ನು ಕೇಳದೆ ಬಿಡಲಾರರು.

ಉತ್ತರ: ಶಾಸನಪ್ರಿಯೆ, ತುಮಕೂರು

ಫೀಕೋಲನ ವಿಷಯದಲ್ಲಿ ನಂದಿಬುಡ ಅವರ ಮಾತು ನಿಮ್ಮ ಸಂದೇಹಕ್ಕೂ ಉಪಯೋಗಕ್ಕೆ ಬರುತ್ತದೆ. 26ನೆಯ ಅಧ್ಯಾಯದಲ್ಲಿ ಬಲಿಷ್ಠನು ಯಾರೆಂಬುದನ್ನು ನೋಡಿ. ಇಸಾಕನಿಗೆ ಬಿತ್ತಿದ ವರ್ಷವೇ ನೂರ್ಮಡಿ ಬೆಳೆ ಬಂದಿತ್ತು. ನೀನು ನಮಗಿಂತ ಬಹಳ ಬಲಿಷ್ಠನಾದೆ, ನಮ್ಮನ್ನು ಬಿಟ್ಟು ಹೋಗು ಎಂದು ಅವನನ್ನು ಕಳುಹಿಸಿದವನು ಅಬೀಮೆಲೆಕನೇ. ಸೇನಾಪತಿಯನ್ನು ಕರೆದುಕೊಂಡು ಒಪ್ಪಂದ ಕೇಳುತ್ತ ಬಂದವನೂ ಅವನೇ. ಇಸಾಕನು ನುಂಗಿಕೊಂಡದ್ದು ದುರ್ಬಲನಾಗಿ ಅಲ್ಲ. ಅಲ್ಲದೆ ದ್ವೇಷಿಸಿದಿರಿ, ಹೊರಗಟ್ಟಿದಿರಿ ಎಂಬ ಎರಡು ಮಾತನ್ನು ಅವನು ಮುಖದೆದುರಿಗೆ ಹೇಳಿಯೇ ಊಟಕ್ಕೆ ಎಬ್ಬಿಸಿದ್ದು. ಬಾವಿಗಳ ಲೆಕ್ಕವನ್ನು ಮಾತ್ರ ಕೇಳಲಿಲ್ಲ. ಕೆಳಗಿನ ಊರಿನವರಿಗೆ ಅಬ್ರಹಾಮನ ಮಾದರಿಯನ್ನೂ ಮೇಲಿನ ಊರಿನವರಿಗೆ ಇಸಾಕನ ಮಾದರಿಯನ್ನೂ ಓದಿಸುವುದು ನ್ಯಾಯವೆಂದು ನನಗೆ ತೋರುತ್ತದೆ.

ಉತ್ತರ: ಗಣಿಯೂರು, ಕೆಜಿಎಫ್

ಗಿಬ್ಯೋನಿನ ಕಥೆಯನ್ನು ಎಲ್ಲಿಗೆ ನಿಲ್ಲಿಸಬೇಕೆಂದು ನೀವು ಯೋಚಿಸುತ್ತಿದ್ದರೆ ನೆಹೆಮೀಯನ ಗ್ರಂಥದ 3ನೆಯ ಅಧ್ಯಾಯದವರೆಗೆ ಕೊಂಡೊಯ್ಯಿರಿ. ಆ ಊರು ಜೆರುಸಲೇಮಿನ ವಾಯವ್ಯಕ್ಕಿರುವ ಇಂದಿನ ಎಲ್ ಜೀಬ್ ಎಂದು ಪುರಾತತ್ವಜ್ಞ ಜೇಮ್ಸ್ ಪ್ರಿಚರ್ಡ್ 1956ರಲ್ಲಿ ಆರಂಭಿಸಿದ ಉತ್ಖನನ ತೋರಿಸಿಕೊಟ್ಟಿತು. ಗಿಬ್ಯೋನ್ ಎಂದು ಕೊರೆದ ಹೂಜಿಯ ಹಿಡಿಕೆಗಳೂ, ಬಂಡೆಯಲ್ಲಿ ಕಡಿದು ಸುತ್ತಲೂ ಮೆಟ್ಟಿಲು ಇಳಿಸಿದ, 11 ಮೀಟರಿಗೂ ಹೆಚ್ಚು ಅಗಲದ ದೊಡ್ಡ ಬಾವಿಯೂ ಅಲ್ಲಿ ಸಿಕ್ಕಿದವು. ಚಿತ್ರಗಳು ದೊರೆತರೆ ಸಭೆಯಲ್ಲಿ ತೋರಿಸಿ, ನಮ್ಮ ಕಲ್ಯಾಣಿಗಳನ್ನು ಕಂಡವರಿಗೆ ಕೂಡಲೇ ಅರ್ಥವಾಗುತ್ತದೆ. ಬಾಬೆಲಿನಿಂದ ಹಿಂತಿರುಗಿದವರು ಜೆರುಸಲೇಮಿನ ಹಾಳುಗೋಡೆಯನ್ನು ಮತ್ತೆ ಕಟ್ಟುವಾಗ ಯಾರು ಯಾರು ಯಾವ ಯಾವ ಭಾಗವನ್ನು ಕಟ್ಟಿದರೆಂಬ ಉದ್ದನೆಯ ಪಟ್ಟಿ ನೆಹೆಮೀಯನಲ್ಲಿದೆ. ನೀರು ಹೊರುವ ಊಳಿಗಕ್ಕೆ ನೇಮಕವಾಗಿದ್ದ ಊರಿನವರ ಹೆಸರು ಆ ಪಟ್ಟಿಯ 7ನೆಯ ವಚನದಲ್ಲಿ ಉಳಿದವರ ಸಾಲಿನಲ್ಲಿಯೇ ಬರುತ್ತದೆ.